ಮೂರನೆಯವನು ಬರಬೇಕು

ನಮ್ಮ ಕಡೆ ಕೊಬ್ಬರಿ ಮಾರಿದವರಿಗೆಲ್ಲ ಗೊತ್ತು: ಕೊಳ್ಳೋರು ಇಬ್ಬರೇ ಆದ್ರೆ ರೇಟು ಏಳಲ್ಲ, ಮೂರನೆಯವನು ಬರಬೇಕು. ಅಪ್ಪ ಓಟಿಗೂ ಇದೇ ಲೆಕ್ಕ ಹಾಕೋರು.

ಇಬ್ಬರೇ ಇದ್ದರೆ ಸರ್ಕಾರ ಗಟ್ಟಿ ಅಂತಾರೆ ಆಫೀಸಿನ ಗೆಳೆಯರು. 1983 ನೋಡಿ. 224 ಸೀಟಲ್ಲಿ ಜನತಾ ಪಕ್ಷಕ್ಕೆ 95, ಕಾಂಗ್ರೆಸ್ಸಿಗೆ 82, ಬಿಜೆಪಿಗೆ 18. ಯಾರಿಗೂ ಬಹುಮತ ಇಲ್ಲ. ರಾಮಕೃಷ್ಣ ಹೆಗಡೆ ಹೊರಗಿನವರ ಬೆಂಬಲದ ಮೇಲೆ ನಡೆಸಿದ ಆ ಸರ್ಕಾರವೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳ ಕಾನೂನು ತಂದಿದ್ದು; ಹೆಂಗಸರಿಗೆ ಶೇ. 25 ಮೀಸಲು ಕೊಟ್ಟಿದ್ದು. ಅದರ ಹಿಂದಿದ್ದವರು ನಜೀರ್ ಸಾಬ್.

2018ರಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಬಿಜೆಪಿಗೆ ಹೋದವು. 2023ರಲ್ಲಿ ತಿಪಟೂರು ಕಾಂಗ್ರೆಸ್ಸಿಗೆ, ಉಳಿದೆರಡು ಜೆಡಿಎಸ್‌ಗೆ. ಯಾರನ್ನೂ ಕಾಯಂ ಕೂರಿಸದ ಸೀಮೆ ನಮ್ಮದು. ಆದ್ರೆ ಅದೇ ಸೆಪ್ಟೆಂಬರಿನಲ್ಲಿ ಜೆಡಿಎಸ್ ಎನ್‌ಡಿಎ ಸೇರಿತು.

ನೋಟಾ ಇದೆಯಲ್ಲ ಅಂತೀರಾ? 2013ರಿಂದ ಇದೆ. ಅದು ಬೇಡ ಅನ್ನೋಕೆ ಮಾತ್ರ, ಬೇಕಾದವರನ್ನು ತರಲ್ಲ.

2024ರ ಲೋಕಸಭೆ ಚುನಾವಣೇಲಿ ತುಮಕೂರು ಕ್ಷೇತ್ರದ ಮೆಷಿನ್ನಿನಲ್ಲಿ ಹೆಸರು ಬೇಕಾದಷ್ಟಿದ್ದವು, ತೆನೆ ಹೊತ್ತ ಮಹಿಳೆ ಇರಲಿಲ್ಲ. ಬೆಂಗಳೂರಿಂದ ಫೋನ್ ಮಾಡಿ ಕೇಳಿದೆ, "ಅಪ್ಪಾ, ಓಟು ಹಾಕಿದ್ರಾ?"

"ಹಾಕ್ದೆ ಕಣಪ್ಪ," ಅಂದ್ರು. "ಬಂದ ರೇಟಿಗೆ ಕೊಟ್ಟು ಬಂದೆ."