ಅಡಮಾನ ಪತ್ರ ಮತ್ತು ವಿದ್ಯುನ್ಮಾನ ಸಹಿ: ಸ್ವತ್ತಿನ ವ್ಯವಹಾರ ನಿರ್ವಹಿಸುವ ವಕೀಲರಿಗೆ ಮಾಹಿತಿ

ಗೃಹಸಾಲದ ಕಾಗದಪತ್ರಗಳಿಗೆ ಮೊಬೈಲ್ ದೂರವಾಣಿಯಲ್ಲಿಯೇ ಸಹಿ ಪಡೆಯುವ ಪದ್ಧತಿಯು ಬ್ಯಾಂಕುಗಳಲ್ಲಿ ಬಳಕೆಗೆ ಬಂದಿದೆ. ಸಾಲದ ಕರಾರಿಗೆ ಹೀಗೆ ಸಹಿ ಮಾಡಿದವರು ಅಡಮಾನವೂ ಪೂರ್ಣಗೊಂಡಿತೆಂದು ಭಾವಿಸುವುದುಂಟು. ಇದು ಸರಿಯಲ್ಲ. ಸಾಲದ ಕರಾರು ಬೇರೆ, ಸ್ವತ್ತಿನ ಮೇಲೆ ಹಕ್ಕು ಸೃಷ್ಟಿಸುವ ಅಡಮಾನ ಪತ್ರ ಬೇರೆ. ಎರಡನೆಯದಕ್ಕೆ ಕಾನೂನು ಹೆಚ್ಚಿನ ವಿಧಿಗಳನ್ನು ಗೊತ್ತುಪಡಿಸಿದೆ.

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಮೊದಲನೆಯ ಅನುಸೂಚಿಯಲ್ಲಿ ಆ ಅಧಿನಿಯಮವು ಅನ್ವಯವಾಗದ ದಸ್ತಾವೇಜುಗಳನ್ನು ಹೆಸರಿಸಲಾಗಿದೆ. ಸ್ಥಿರ ಸ್ವತ್ತಿನ ಮಾರಾಟ ಅಥವಾ ಅದರಲ್ಲಿನ ಹಿತಾಸಕ್ತಿಯ ವರ್ಗಾವಣೆಯ ಕರಾರುಗಳು ಮೊದಲಿನಿಂದಲೂ ಆ ಪಟ್ಟಿಯಲ್ಲಿದ್ದವು. ಕೇಂದ್ರ ಸರ್ಕಾರವು 2022ರ ಸೆಪ್ಟೆಂಬರ್ ತಿಂಗಳ ಅಧಿಸೂಚನೆಯ ಮೂಲಕ ಈ ನಮೂದನ್ನು ಕೈಬಿಟ್ಟಿತು. ಆದುದರಿಂದ ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಇಂತಹ ಕರಾರನ್ನು ಈಗ ತಳ್ಳಿಹಾಕುವಂತಿಲ್ಲ. ಮರಣಶಾಸನ ಮತ್ತು ನ್ಯಾಸಪತ್ರಗಳು ಪಟ್ಟಿಯಲ್ಲಿಯೇ ಉಳಿದಿವೆ. ಮುಖ್ತಾರುನಾಮೆಗೆ, ಬ್ಯಾಂಕಿನಂತಹ ನಿಯಂತ್ರಿತ ಸಂಸ್ಥೆಗೆ ಅಧಿಕಾರ ನೀಡುವ ಸಂದರ್ಭದಲ್ಲಿ ಮಾತ್ರ ವಿನಾಯಿತಿ ದೊರೆತಿದೆ.

ಆದರೆ ಈ ತಿದ್ದುಪಡಿಯು ಸ್ವತ್ತು ವರ್ಗಾವಣೆ ಅಧಿನಿಯಮ, 1882ನ್ನು ಬದಲಾಯಿಸಿಲ್ಲ. ಅದರ 59ನೇ ಪ್ರಕರಣದ ಪ್ರಕಾರ, ಅಸಲು 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ, ಹಕ್ಕುಪತ್ರಗಳ ಠೇವಣಿಯ ಮೂಲಕ ಮಾಡಿದ್ದನ್ನು ಬಿಟ್ಟು ಉಳಿದ ಅಡಮಾನವು ನೋಂದಾಯಿತ ಪತ್ರದ ಮೂಲಕವೇ ಆಗತಕ್ಕದ್ದು. ಆ ಪತ್ರಕ್ಕೆ ಅಡಮಾನದಾರರ ಸಹಿಯೂ ಕನಿಷ್ಠ ಇಬ್ಬರು ಸಾಕ್ಷಿಗಳ ದೃಢೀಕರಣವೂ ಇರತಕ್ಕದ್ದು. ನೂರು ರೂಪಾಯಿಯ ಮಿತಿ ಇಂದಿಗೆ ವಿಚಿತ್ರವೆನಿಸಿದರೂ ಅದೇ ಜಾರಿಯಲ್ಲಿದೆ.

ಸಾಕ್ಷಿಯ ವಿಷಯದಲ್ಲಿಯೇ ಹೆಚ್ಚಿನ ತೊಡಕು. ಸಾಕ್ಷಿಯು ಬರೆದುಕೊಡುವವರು ಸಹಿ ಮಾಡುವುದನ್ನು ಕಂಡಿರಬೇಕು ಇಲ್ಲವೇ ಸಹಿ ತಮ್ಮದೆಂದು ಅವರಿಂದಲೇ ಕೇಳಿರಬೇಕು. ಬಳಿಕ ಅವರ ಸಮಕ್ಷಮ ತಾನು ಸಹಿ ಮಾಡಬೇಕು. ಇಬ್ಬರೂ ಸಾಕ್ಷಿಗಳು ಏಕಕಾಲದಲ್ಲಿ ಇರಬೇಕೆಂದಿಲ್ಲ. ವಿಡಿಯೊ ಕರೆಯಲ್ಲಿ ಕಂಡದ್ದು 'ಸಮಕ್ಷಮ'ವಾಗುತ್ತದೆಂದು 1882ರ ಅಧಿನಿಯಮವು ಎಲ್ಲಿಯೂ ಹೇಳಿಲ್ಲ. ದೃಢೀಕರಣವು ಬಿದ್ದುಹೋದರೆ ಅಡಮಾನವೇ ಬಿದ್ದುಹೋಗುತ್ತದೆ; ಸಾಲವು ಭದ್ರತೆಯಿಲ್ಲದ ಸಾಲವಾಗಿ ಉಳಿಯುತ್ತದೆ. ಆದುದರಿಂದ ಸರಳ ಅಡಮಾನ ಪತ್ರಕ್ಕೆ ಸಾಕ್ಷಿಗಳ ಎದುರಿನಲ್ಲಿ ಶಾಯಿಯ ಸಹಿ ಪಡೆದು, ಉಪನೋಂದಣಾಧಿಕಾರಿಗಳ ಮುಂದೆ ಹಾಜರುಪಡಿಸುವುದೇ ಕ್ಷೇಮ. ಕಾವೇರಿ 2.0 ತಂತ್ರಾಂಶದಲ್ಲಿ ಕರಡನ್ನು ಮುಂಚಿತವಾಗಿ ಸಲ್ಲಿಸಿ ಪರಿಶೀಲನೆಗೆ ಒಳಪಡಿಸುವುದು ಇದಕ್ಕೆ ಪೂರಕವೇ ಹೊರತು ಸಹಿಗೆ ಬದಲಿಯಲ್ಲ.

ಹಕ್ಕುಪತ್ರಗಳ ಠೇವಣಿಯ ಸ್ಥಿತಿ ಬೇರೆ. ಅಧಿಸೂಚಿತ ಪಟ್ಟಣದಲ್ಲಿ, ಭದ್ರತೆಯ ಉದ್ದೇಶದಿಂದ ಮೂಲ ಪತ್ರಗಳನ್ನು ಒಪ್ಪಿಸಿದಾಗಲೇ ಈ ಅಡಮಾನ ಉಂಟಾಗುತ್ತದೆ; ಸ್ವತ್ತು ಬೇರೆ ಊರಿನಲ್ಲಿದ್ದರೂ ಬಾಧಕವಿಲ್ಲ. ಒಪ್ಪಿಸುವ ಕ್ರಿಯೆಯು ಭೌತಿಕವಾದುದು, ಸ್ಕ್ಯಾನ್ ಮಾಡಿದ ಪ್ರತಿಯನ್ನು ಕಳುಹಿಸಿದರೆ ಸಾಲದು. ನಂತರ ಬರೆಯುವ ಜ್ಞಾಪನ ಪತ್ರವು ಮುಗಿದ ಕ್ರಿಯೆಯನ್ನು ದಾಖಲಿಸುವುದೋ, ಅಥವಾ ತಾನೇ ಅಡಮಾನವನ್ನು ಸೃಷ್ಟಿಸುವುದೋ ಎಂಬುದನ್ನು ಅದರ ಒಕ್ಕಣೆ ನಿರ್ಧರಿಸುತ್ತದೆ. ಎರಡನೆಯದಾದಲ್ಲಿ ನೋಂದಣಿ ಕಡ್ಡಾಯ. 'ಈ ಮೂಲಕ ಅಡಮಾನ ಮಾಡಿರುತ್ತೇನೆ' ಎಂಬ ಸಿದ್ಧನಮೂನೆಯ ವಾಕ್ಯವನ್ನು ವಕೀಲರು ಕಣ್ಣುಮುಚ್ಚಿ ಉಳಿಸಿಕೊಳ್ಳಬಾರದು. ನೋಂದಣಿಯಾಗದ ಠೇವಣಿಯು ಋಣಭಾರ ಪ್ರಮಾಣಪತ್ರದಲ್ಲಿ ಕಾಣಿಸದು ಎಂಬುದನ್ನು ಖರೀದಿದಾರರ ಪರ ವಕೀಲರೂ ಗಮನಿಸತಕ್ಕದ್ದು.

ಸಾಲದ ಕರಾರು, ಘೋಷಣೆ ಮುಂತಾದವುಗಳಿಗೆ ಆಧಾರ್ ಆಧಾರಿತ ವಿದ್ಯುನ್ಮಾನ ಸಹಿಯನ್ನು ಬಳಸುವಾಗಲೂ ಎಚ್ಚರಿಕೆ ಅವಶ್ಯ. ಕರ್ನಾಟಕ ಮುದ್ರಾಂಕ ಅಧಿನಿಯಮ, 1957ರಂತೆ ಮುದ್ರಾಂಕ ಶುಲ್ಕವನ್ನು ಸಹಿಗೆ ಮೊದಲು ಅಥವಾ ಸಹಿಯ ಸಮಯದಲ್ಲಿ ಪಾವತಿಸಿರಬೇಕು. ಸಹಿಯಾದ ಕಡತಕ್ಕೆ ಮುದ್ರಾಂಕದ ಪುಟವನ್ನು ಆಮೇಲೆ ಸೇರಿಸಿದರೆ ಕಡತವು ಬದಲಾದಂತಾಗಿ ಸಹಿಯ ತಾಳೆ ತಪ್ಪುತ್ತದೆ. ಮುದ್ರಿತ ಪ್ರತಿಯಿಂದ ಇಂತಹ ಸಹಿಯನ್ನು ಪರಿಶೀಲಿಸಲಾಗದು. ಮೂಲ ಕಡತವನ್ನೇ ಕಾಪಾಡಿಕೊಳ್ಳತಕ್ಕದ್ದು.

ಹೆಸರಿನ ವ್ಯತ್ಯಾಸವೂ ಸಾಮಾನ್ಯ. ಕ್ರಯಪತ್ರದಲ್ಲಿ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಿದ್ದು, ಆಧಾರ್‌ನಲ್ಲಿ ಅವು ಇಲ್ಲದಿರಬಹುದು. ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರವನ್ನು ಮುಂಚೆಯೇ ಪಡೆಯುವುದು ಉತ್ತಮ.

ಎಲ್ಲಕ್ಕಿಂತ ಮುಖ್ಯವಾದುದು, ಒಂದು ಬಾರಿಯ ಗುಪ್ತಸಂಖ್ಯೆ ಯಾರ ಕೈಗೆ ಬರುತ್ತದೆ ಎಂಬುದು. ಅದು ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆಗೆ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ವಯಸ್ಸಾದ ತಂದೆ-ತಾಯಿಯರ ಆಧಾರ್‌ಗೆ ಜೋಡಣೆಯಾಗಿರುವುದು ಮಗನ ಅಥವಾ ಅಳಿಯನ ಸಂಖ್ಯೆ. ಮನೆ ತಾಯಿಯ ಹೆಸರಿನಲ್ಲಿದ್ದು, ಸಾಲ ಮಗನ ವ್ಯಾಪಾರಕ್ಕಾದಲ್ಲಿ, ಗುಪ್ತಸಂಖ್ಯೆಯನ್ನು ಮಗನೇ ನಮೂದಿಸಿದರೂ ಕಡತದಲ್ಲಿ ಕಾಣುವುದು ತಾಯಿಯ ಸಹಿ. ತಂತ್ರಾಂಶವು ಈ ಭೇದವನ್ನು ಅರಿಯದು. ಆದಕಾರಣ ವಕೀಲರು ಸ್ವತ್ತಿನ ಮಾಲೀಕರನ್ನು ಪ್ರತ್ಯೇಕವಾಗಿ ಭೇಟಿಯಾಗಿ, ಪತ್ರದ ಸಾರಾಂಶವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ, ಸಾಲ ತೀರದಿದ್ದರೆ ಮನೆ ಹರಾಜಿಗೆ ಬರಬಹುದೆಂಬುದನ್ನು ಮನವರಿಕೆ ಮಾಡಿಕೊಟ್ಟು, ಭೇಟಿಯ ದಿನಾಂಕವನ್ನು ತಮ್ಮ ಕಡತದಲ್ಲಿ ಬರೆದಿಡುವುದು ಅಪೇಕ್ಷಣೀಯ.

ನೋಂದಣಿಗೆ ಸಲ್ಲಿಸಬೇಕಾದ ಪತ್ರವನ್ನು ಬರೆದುಕೊಟ್ಟ ದಿನಾಂಕದಿಂದ ನಾಲ್ಕು ತಿಂಗಳೊಳಗೆ ಹಾಜರುಪಡಿಸತಕ್ಕದ್ದು. ಸಹ-ಮಾಲೀಕರು ಬೇರೆ ಬೇರೆ ದಿನ ಸಹಿ ಮಾಡಿದ್ದಲ್ಲಿ ಪ್ರತಿ ಸಹಿಯ ದಿನಾಂಕದಿಂದ ಈ ಅವಧಿಯನ್ನು ಎಣಿಸಲಾಗುವುದು. ಅನಿವಾರ್ಯ ಕಾರಣದಿಂದ ತಡವಾದಲ್ಲಿ ದಂಡ ಸಹಿತ ಮತ್ತೆ ನಾಲ್ಕು ತಿಂಗಳವರೆಗೆ ಅವಕಾಶ ಕೋರಬಹುದು.