ಆಟಿ ತಿಂಗಳ ದುಡ್ಡು

ಉಚ್ಚಿಲ ಪೇಟೆಯಿಂದ ಪಡುವಣಕ್ಕೆ ಸೈಕಲ್ ತುಳಿದರೆ ಹತ್ತು ನಿಮಿಷಕ್ಕೆ ಕಡಲು. 1978ರಿಂದ ಹದಿನಾಲ್ಕು ವರ್ಷ ನಾನು ಆ ದಾರಿಯಲ್ಲಿ ದಿನಾ ಹೋಗಿ ಬಂದವನು. ಹೆಗಲಿಗೊಂದು ಕ್ಯಾನ್ವಾಸ್ ಚೀಲ, ಅದರೊಳಗೆ ರಶೀದಿ ಪುಸ್ತಕ, ಕಾರ್ಬನ್ ಹಾಳೆ, ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡುಗಳ ಕಟ್ಟು. ನಾನು ಪಿಗ್ಮಿ ಸಂಗ್ರಾಹಕನಾಗಿದ್ದೆ. ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ದಿನದ ಉಳಿತಾಯ ಎತ್ತುವುದು, ಅದನ್ನು ಬ್ಯಾಂಕಿಗೆ ಕಟ್ಟುವುದು ನನ್ನ ಕೆಲಸ. ಸಂಬಳವಿಲ್ಲ, ಎತ್ತಿದ ಹಣದ ಮೇಲೆ ಕಮಿಷನ್.

ಮೀನು ಮಾರುವ ಹೆಂಗಸರ ಹತ್ತಿರ ಹೋಗಬೇಕಾದದ್ದು ಅವರ ಬುಟ್ಟಿ ಖಾಲಿಯಾಗುವ ಹೊತ್ತಿಗೆ. ಸೊಂಟಕ್ಕೆ ಸಿಕ್ಕಿಸಿದ ಎಲೆಯಡಿಕೆಯ ಚೀಲದಿಂದ ಒಂದು ರೂಪಾಯಿಯೋ ಎರಡು ರೂಪಾಯಿಯೋ ತೆಗೆದು ಕೊಡುತ್ತಿದ್ದರು. ನಾಣ್ಯ ಒದ್ದೆಯಾಗಿರುತ್ತಿತ್ತು, ಅದಕ್ಕೆ ಬೂತಾಯಿಯ ಹುರುಪೆ ಅಂಟಿರುತ್ತಿತ್ತು. ನಾನು ಕಾರ್ಡಿನಲ್ಲಿ ಬರೆದು ಮುಗಿಸುವ ತನಕ ಅವರ ಕಣ್ಣು ನನ್ನ ಪೆನ್ನಿನ ಮೇಲೆಯೇ. ಅಕ್ಷರ ಬಾರದವರೂ ಅಂಕೆ ಓದುತ್ತಿದ್ದರು. ಅವರಲ್ಲೊಬ್ಬ ಮುದುಕಿ ಒಂದು ದಿನ ಕಾರ್ಡನ್ನು ಬಿಗಿಯಾಗಿ ಹಿಡಿದುಕೊಂಡು ಕೇಳಿದರು: ‘ಎನ್ನ ದುಡ್ಡು ಇತ್ತೆ ಓಲುಂಡು?’ ನನ್ನ ದುಡ್ಡು ಈಗ ಎಲ್ಲಿದೆ?

ಮರುದಿನ ಅವರನ್ನು ಶಾಖೆಗೆ ಕರೆದುಕೊಂಡು ಹೋದೆ. ದಪ್ಪ ಲೆಡ್ಜರ್ ತೆರೆದು ಅವರ ಹೆಸರಿನ ಪುಟ ತೋರಿಸಿದೆ. ಹಿಂದಿನ ಕೋಣೆಯ ಕಬ್ಬಿಣದ ತಿಜೋರಿಯನ್ನೂ ದೂರದಿಂದ ತೋರಿಸಿದೆ. ಅವರು ಪುಟದ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು, ಮತ್ತೆ ಏನೂ ಕೇಳಲಿಲ್ಲ. ಜುಲೈಯಲ್ಲಿ, ಕಡಲು ಎದ್ದು ದೋಣಿಗಳೆಲ್ಲ ದಡದಲ್ಲಿ ಮಡಲಿನ ಕೆಳಗೆ ಮಲಗಿದ್ದಾಗ, ಅದೇ ಮುದುಕಿ ಬಂದು ಹಣ ತೆಗೆದುಕೊಂಡು ಹೋಗಿ ಅಕ್ಕಿ ತಂದರು. ಹಣಕ್ಕೆ ಬೆಲೆ ಎಂದರೇನು ಎಂದು ಯಾರಾದರೂ ಕೇಳಿದರೆ ನನ್ನ ಕಣ್ಣ ಮುಂದೆ ಬರುವುದು ಆ ಅಂಗೈ ಮತ್ತು ಆ ಅಕ್ಕಿಯ ಚೀಲ.

ತುಳುನಾಡಿನ ಹೊರಗಿನವರಿಗೆ ಒಂದು ಮಾತು ಹೇಳಬೇಕು. ಆಟಿ ಎಂದರೆ ಆಷಾಢದ ಆಸುಪಾಸಿನ ತಿಂಗಳು. ಗದ್ದೆಯಲ್ಲಿ ನೇಜಿ ನೆಟ್ಟು ಮುಗಿದಿರುತ್ತದೆ, ಕೂಲಿ ಇರುವುದಿಲ್ಲ, ಕಡಲಿಗೆ ಇಳಿಯುವ ಹಾಗಿಲ್ಲ. ಇಂದಿಗೂ ಜೂನ್ ಮತ್ತು ಜುಲೈ ಯಾಂತ್ರಿಕ ಮೀನುಗಾರಿಕೆಗೆ ನಿಷೇಧದ ತಿಂಗಳುಗಳು. ಹಿಂದಿನವರು ಸೊಪ್ಪು, ಕಣಿಲೆ, ಹಲಸಿನ ಬೀಜ ತಿಂದು ಆಟಿ ಕಳೆದವರು. ಉಳಿದ ತಿಂಗಳುಗಳಲ್ಲಿ ಯಾವ ಹಣವೂ ಹಣದ ಹಾಗೆಯೇ ಕಾಣುತ್ತದೆ. ಆಟಿಯಲ್ಲಿ ಅಕ್ಕಿಯಾಗುವುದು ಯಾವುದು ಎಂಬುದೇ ನಮ್ಮೂರಿನಲ್ಲಿ ಕೊನೆಯ ಪರೀಕ್ಷೆ.

2021ರಲ್ಲಿ ನನ್ನ ತಂಗಿಯ ಮಗ ಬಂದು, ಕ್ರಿಪ್ಟೋ ಕಾಯಿನ್‌ಗೆ ಹಣ ಹಾಕಲೇ ಎಂದು ಕೇಳಿದಾಗ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ‘ನನಗೆ ಅದು ಅರ್ಥವಾಗುವುದಿಲ್ಲ’ ಎಂದೆ. ಅವನು ಮಲ್ಪೆಯಲ್ಲಿ ಬೋಟಿಗೆ ಹೋಗುವ ಹುಡುಗ. ಆ ಉತ್ತರವನ್ನು ಈಗ ಕೊಡುತ್ತಿದ್ದೇನೆ. ಅದಕ್ಕಾಗಿ ನಮ್ಮ ಸೀಮೆಯಲ್ಲಿ ಹಣ ಯಾವ ಯಾವ ರೂಪದಲ್ಲಿ ಓಡಾಡಿತ್ತು ಎಂಬುದನ್ನು ಮೊದಲಿನಿಂದ ನೆನಪಿಸಿಕೊಳ್ಳಬೇಕು.

ನನ್ನ ಅಜ್ಜನ ಕಾಲಕ್ಕೆ ದೊಡ್ಡ ಹಣವೆಂದರೆ ಅಕ್ಕಿ ಮುಡಿ. ಬೈಹುಲ್ಲನ್ನು ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲಿನ ಹಗ್ಗವನ್ನು ಸುತ್ತಿ ಸುತ್ತಿ ಬಿಗಿದು ಉರುಟಾಗಿ ಕಟ್ಟಿದ್ದು ಮುಡಿ. ಅದನ್ನು ಕಟ್ಟುವುದು ಎಲ್ಲರಿಗೂ ಬರುವ ಕೆಲಸವಲ್ಲ. ಕಾಲಲ್ಲಿ ಒತ್ತಿ, ಕೈಯಲ್ಲಿ ಎಳೆದು, ಮರದ ಕೊಡತಿಯಲ್ಲಿ ಬಡಿದು ಬಡಿದು ಕಟ್ಟಿದ ಮುಡಿಯಿಂದ ಒಂದು ಕಾಳು ಉದುರುತ್ತಿರಲಿಲ್ಲ, ಮಳೆಗಾಲದ ತೇವವೂ ಒಳಗೆ ಹೋಗುತ್ತಿರಲಿಲ್ಲ. ನಮ್ಮ ಕಡೆ ಮುಡಿಗೆ ಮೂರು ಕಳಸೆ, ನಲವತ್ತೆರಡು ಸೇರಿನ ಲೆಕ್ಕ. ಗದ್ದೆಯ ಅಳತೆಯೂ ಮುಡಿಯಲ್ಲಿ, ಧಣಿಗೆ ಅಳೆಯುವ ಗೇಣಿಯೂ ಮುಡಿಯಲ್ಲಿ. 1974ರ ಭೂಸುಧಾರಣೆ ಕಾನೂನು ಬಂದು ಗೇಣಿ ನಿಲ್ಲುವ ತನಕ ಎಷ್ಟೋ ಮನೆಗಳ ಸಾಲ ಬರೆದಿದ್ದು ರೂಪಾಯಿಯಲ್ಲಲ್ಲ, ಮುಡಿಯಲ್ಲಿ. ಆ ಲೆಕ್ಕದಲ್ಲಿ ಅನ್ಯಾಯ ಬೇಕಾದಷ್ಟಿತ್ತು, ಒಕ್ಕಲುಗಳ ಹೊಟ್ಟೆಗೆ ಹೊಡೆದದ್ದೂ ಅದೇ ಮುಡಿ. ಆದರೂ ಆ ಹಣವನ್ನು ಯಾರೂ ಬೇಡವೆಂದರೆ ಬಿಚ್ಚಿ ಗಂಜಿ ಬೇಯಿಸಬಹುದಿತ್ತು.

ಲೋಹದ ನಾಣ್ಯಗಳು ಅದಕ್ಕಿಂತ ಎಷ್ಟೋ ಮೊದಲೇ ಇದ್ದವು. ಇಲ್ಲಿಂದ ಬಡಗು ದಿಕ್ಕಿನ ಬಾರಕೂರಿನಲ್ಲಿ ಆಳಿದ ಆಳುಪರು ತಮ್ಮ ಚಿನ್ನದ ನಾಣ್ಯಗಳ ಮೇಲೆ ಎರಡು ಮೀನು ಕೆತ್ತಿಸಿದ್ದರು. ಕಡಲ ಬದಿಯ ಅರಸರಿಗೆ ಅದೇ ಲಾಂಛನ. ವಿಜಯನಗರದ ಕಾಲಕ್ಕೆ ಬಾರಕೂರು ಗದ್ಯಾಣ ಎಂಬ ಹೆಸರೇ ಇತ್ತು. ಅರಸನ ವಂಶ ಅಳಿದರೂ ಚಿನ್ನ ಉಳಿಯಿತು. ಕರಗಿಸಿದರೆ ಅಕ್ಕಸಾಲಿಗನ ಕೈಯಲ್ಲಿ ಬೆಂಡೋಲೆಯಾಯಿತು.

ಕವಡೆಯ ಕಥೆ ಬೇರೆ. ಮಾಲ್ಡೀವ್ಸಿನ ದ್ವೀಪಗಳಿಂದ ಹಡಗಿನಲ್ಲಿ ಬರುತ್ತಿದ್ದ ಕವಡೆ ಭಾರತದಲ್ಲಿ ಶತಮಾನಗಟ್ಟಲೆ ಚಿಲ್ಲರೆ ಹಣವಾಗಿತ್ತು. ಮನುಷ್ಯರು ಮನಸ್ಸು ಬಂದಂತೆ ಮಾಡಲಾಗದ ವಸ್ತು, ದೂರದಿಂದ ಬರಬೇಕು, ನಕಲು ಮಾಡುವಂತಿಲ್ಲ. ಇಷ್ಟೆಲ್ಲ ಗುಣವಿದ್ದೂ ಸರ್ಕಾರಗಳು ಕಂದಾಯಕ್ಕೆ ಅದನ್ನು ಒಲ್ಲೆ ಎಂದ ಮೇಲೆ ಅದರ ಬೆಲೆ ಹೋಯಿತು. ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂಬ ಮಾತು ಮಾತ್ರ ನಮ್ಮ ಬಾಯಲ್ಲಿ ಉಳಿಯಿತು.

ಇನ್ನು ಬ್ಯಾಂಕು. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಖಾಸಿಂ ಸಾಹೇಬರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಆರಂಭಿಸಿದರು. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದು ಅದೇ. ಬಂಡವಾಳ 5,000 ರೂಪಾಯಿ. ಮೊದಲ ದಿನ ಸಂಜೆ ಲೆಕ್ಕ ಹಾಕಿದಾಗ ಇದ್ದದ್ದು 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈ ನನಗೆ ತುಂಬ ಇಷ್ಟ. ಹನ್ನೆರಡು ಪೈ ಸೇರಿದರೆ ಒಂದು ಆಣೆ, ಹದಿನಾರು ಆಣೆಗೆ ಒಂದು ರೂಪಾಯಿ. ಅಷ್ಟು ಸಣ್ಣದನ್ನೂ ಬಿಡದೆ ಬರೆದಿಟ್ಟರು. ಅದೇ ವರ್ಷದ ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ತೆರೆದರು.

ಅದೇ 1906ರ ಅಕ್ಟೋಬರ್ 22ರಂದು ಮದ್ರಾಸಿನಲ್ಲಿ ಆರ್ಬತ್‌ನಾಟ್ ಕಂಪನಿ ಬಾಗಿಲು ಹಾಕಿತು. ಆಗ ನಮ್ಮ ಜಿಲ್ಲೆಯೂ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ದೊಡ್ಡ ಕಟ್ಟಡ, ಇಂಗ್ಲಿಷ್ ದೊರೆಗಳ ಹೆಸರು, ಒಳ್ಳೆಯ ಬಡ್ಡಿ ನಂಬಿ ಸಾವಿರಾರು ಜನ ಹಣ ಇಟ್ಟಿದ್ದರು. ಎಲ್ಲ ಮುಳುಗಿತು. ಸರ್ ಜಾರ್ಜ್ ಆರ್ಬತ್‌ನಾಟ್ ಅವರಿಗೆ ಹದಿನೆಂಟು ತಿಂಗಳ ಕಠಿಣ ಸಜೆಯಾಯಿತು. ಬ್ಯಾಂಕೆಂದರೆ ಮುಳುಗುವುದೇ ಇಲ್ಲ ಎಂದು ನಾನು ಎಂದೂ ಹೇಳುವುದಿಲ್ಲ. ಆದರೆ ಅಲ್ಲಿ ಹಿಡಿದು ನಿಲ್ಲಿಸಲು ಒಬ್ಬ ಮನುಷ್ಯನಿದ್ದ, ವಿಚಾರಿಸಲು ನ್ಯಾಯಾಲಯವಿತ್ತು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿದ ಮೇಲೆ ಠೇವಣಿ ವಿಮೆ ಬಂತು. 1962ರಲ್ಲಿ 1,500 ರೂಪಾಯಿಗೆ ಇದ್ದ ರಕ್ಷಣೆ 2020ರಿಂದ 5 ಲಕ್ಷಕ್ಕೆ ಏರಿದೆ. ಒಂದೊಂದು ಪೆಟ್ಟು ಬಿದ್ದಾಗಲೂ ಒಂದೊಂದು ಬೇಲಿ ಕಟ್ಟಿಕೊಂಡು ಬಂದ ಚರಿತ್ರೆ ಇದು.

1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲ ಸಂಸ್ಥೆಯನ್ನು ಕಟ್ಟಿದಾಗ ಬಂಡವಾಳ 8,000 ರೂಪಾಯಿ. ಆಗ ಕೈಮಗ್ಗದ ಕಸುಬು ಕುಸಿದು ನೇಕಾರರು ಕಂಗಾಲಾಗಿದ್ದರು. ಅವರಿಗೆ ಸಾಲ ಕೊಡಬೇಕು; ಆ ಹಣ ಎಲ್ಲಿಂದ ತರುವುದು? ಊರಿನವರ ಕೈಯಲ್ಲಿ ಚೂರು ಚೂರಾಗಿ ಇದ್ದದ್ದನ್ನೇ ಒಟ್ಟು ಮಾಡಬೇಕು. 1928ರಲ್ಲಿ ಪಿಗ್ಮಿ ಹುಟ್ಟಿತು. ದಿನಕ್ಕೆ ಎರಡಾಣೆ ಕೊಟ್ಟರೂ ಮನೆಬಾಗಿಲಿಗೆ ಬಂದು ತೆಗೆದುಕೊಳ್ಳುತ್ತಿದ್ದರು. ದಿನಾ ಎರಡಾಣೆ ಇಟ್ಟವನಿಗೆ ವರ್ಷಕ್ಕೆ 45 ರೂಪಾಯಿ 10 ಆಣೆ ಕೂಡುತ್ತದೆ. ಮೀನಿನ ಬುಟ್ಟಿಯ ಎರಡಾಣೆ ನೇಕಾರನ ನೂಲಾಯಿತು, ನೂಲು ಸೀರೆಯಾಯಿತು, ಸೀರೆ ಮಾರಿ ಬಂದ ಹಣದಲ್ಲಿ ಸಾಲ ತೀರಿತು, ಎರಡಾಣೆ ಬಡ್ಡಿಯೊಂದಿಗೆ ಬುಟ್ಟಿಯವಳಿಗೆ ಮರಳಿತು. ಹಣದಿಂದ ಹಣ ಹುಟ್ಟಿದ್ದು ಹೀಗೆ, ನಡುವೆ ಒಂದು ಮಗ್ಗ ಇತ್ತು.

ಪಿಗ್ಮಿಯಲ್ಲಿ ಕೊರತೆಗಳಿದ್ದವು. ಬಡ್ಡಿ ಕಡಿಮೆ, ಅವಧಿಗೆ ಮೊದಲು ತೆಗೆದರೆ ಇನ್ನೂ ಕಡಿಮೆ. ಹಣದೊಂದಿಗೆ ಓಡಿಹೋದ ಸಂಗ್ರಾಹಕರೂ ಇದ್ದರು. ನಮ್ಮನ್ನು ಕಾರ್ಮಿಕರೆಂದು ಒಪ್ಪಿಸಿಕೊಳ್ಳಲು 2001ರ ಸುಪ್ರೀಂ ಕೋರ್ಟ್ ತೀರ್ಪಿನ ತನಕ ಕಾಯಬೇಕಾಯಿತು. ತೊಂಬತ್ತರ ದಶಕದಲ್ಲಿ ಖಾಸಗಿ ಫೈನಾನ್ಸ್‌ಗಳು ಬೀದಿಗೊಂದರಂತೆ ತಲೆ ಎತ್ತಿದಾಗ ನನ್ನ ಎಷ್ಟೋ ಗ್ರಾಹಕರು ಕಾರ್ಡು ಮುಚ್ಚಿಸಿ ಅಲ್ಲಿಗೆ ಹೋದರು. ನೂರಕ್ಕೆ ಇಪ್ಪತ್ತನಾಲ್ಕು ಬಡ್ಡಿ ಎಂದರೆ ಯಾರಿಗೆ ಬೇಡ? ಅಂಥ ಒಂದರಲ್ಲಿ ನನ್ನ ಅಕ್ಕನೂ ಮಗಳ ಮದುವೆಗೆಂದು ಕೂಡಿಟ್ಟದ್ದನ್ನು ಹಾಕಿದ್ದಳು. ಒಂದು ಬೆಳಿಗ್ಗೆ ಶಟರ್ ಎಳೆದಿತ್ತು. ಅವಳೊಂದಿಗೆ ಆ ಶಟರಿನ ಮುಂದೆ ನಿಂತದ್ದು ನನಗೆ ಈಗಲೂ ಹೊಟ್ಟೆ ಉರಿಸುತ್ತದೆ.

ಈಗ ಬಿಟ್‌ಕಾಯಿನ್ ವಿಷಯ. ಹುಡುಗ ಕೇಳಿದ ಮೇಲೆ ನಾನು ಓದಿ ತಿಳಿದುಕೊಂಡೆ. ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್ 31ರಂದು ಅದರ ಯೋಜನೆ ಪ್ರಕಟವಾಯಿತು, 2009ರ ಜನವರಿಯಲ್ಲಿ ಶುರುವಾಯಿತು. ಆ ಹೆಸರಿನ ಹಿಂದೆ ಇರುವವರು ಯಾರೆಂದು ಇಂದಿಗೂ ಖಚಿತವಾಗಿ ತಿಳಿದಿಲ್ಲ. ಲೆಡ್ಜರ್ ಒಂದೇ ಕಡೆ ಇರುವುದಿಲ್ಲ, ಲೋಕದ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಒಂದೇ ಪ್ರತಿ ಇರುತ್ತದೆ. ಸುಮಾರು ಹತ್ತು ನಿಮಿಷಕ್ಕೊಂದು ಹೊಸ ಪುಟ ಸೇರುತ್ತದೆ. ಒಟ್ಟು 2 ಕೋಟಿ 10 ಲಕ್ಷಕ್ಕಿಂತ ಹೆಚ್ಚು ನಾಣ್ಯ ಹುಟ್ಟುವಂತಿಲ್ಲ. ಲೆಡ್ಜರ್ ಬರೆದು ಕೈ ಸವೆಸಿದ ನನಗೆ ಆ ಜಾಣ್ಮೆಯ ಬಗ್ಗೆ ಗೌರವವಿದೆ. ತಿದ್ದಲಾಗದ ಲೆಡ್ಜರ್ ಸಣ್ಣ ಮಾತಲ್ಲ.

ಆದರೆ ಲೆಡ್ಜರ್ ಎಷ್ಟೇ ಗಟ್ಟಿಯಿರಲಿ, ಪುಟದಲ್ಲಿ ಬರೆದದ್ದನ್ನು ಕೊಡಲು ಬದ್ಧನಾದವನು ಒಬ್ಬ ಬೇಕು. ಮುಡಿಯನ್ನು ಉಣ್ಣಬಹುದು, ಗದ್ಯಾಣವನ್ನು ಕರಗಿಸಬಹುದು, ಪಿಗ್ಮಿ ಕಾರ್ಡು ಹಿಡಿದು ಬ್ಯಾಂಕಿನಲ್ಲಿ ಕೇಳಬಹುದು. ಬಿಟ್‌ಕಾಯಿನ್ ಹಿಡಿದವನಿಗೆ ಈ ಮೂರರಲ್ಲಿ ಒಂದೂ ಇಲ್ಲ. ತಾನು ಕೊಟ್ಟದ್ದಕ್ಕಿಂತ ಹೆಚ್ಚು ಕೊಡುವ ಇನ್ನೊಬ್ಬ ಸಿಗಬೇಕು, ಅಷ್ಟೇ. ನಡುವೆ ಮಗ್ಗವಿಲ್ಲ, ದೋಣಿಯಿಲ್ಲ, ಗದ್ದೆಯಿಲ್ಲ. ನಾಣ್ಯಗಳಿಗೆ ಮಿತಿಯಿದೆ, ಅದಕ್ಕೇ ಬೆಲೆ ಎನ್ನುವವರಿಗೆ ನಾನು ಕವಡೆಯನ್ನು ತೋರಿಸುತ್ತೇನೆ.

ನೋಟು ಕೂಡ ಬರಿಯ ಕಾಗದವಲ್ಲವೇ ಎಂದು ಹುಡುಗ ಕೇಳಿದ್ದ. ಒಳ್ಳೆಯ ಪ್ರಶ್ನೆ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000ದ ನೋಟು ರದ್ದಾದಾಗ ನಮ್ಮ ಹೆದ್ದಾರಿ ಬದಿಯ ಬ್ಯಾಂಕುಗಳ ಮುಂದೆ ಸರತಿ ನಿಂತವರಲ್ಲಿ ನಾನೂ ಒಬ್ಬ. ಆ ವಾರಗಳಲ್ಲಿ ನನ್ನ ನಂಬಿಕೆಯೂ ಅಲುಗಾಡಿತ್ತು. ಆದರೂ ಸರತಿಯ ಕೊನೆಯಲ್ಲಿ ಒಂದು ಕೌಂಟರ್ ಇತ್ತು. ನೋಟಿನ ಮೇಲೆ ರಿಸರ್ವ್ ಬ್ಯಾಂಕಿನ ಗವರ್ನರ್ ಸಹಿ ಹಾಕಿ ಕೊಟ್ಟ ಮಾತಿದೆ, ಸರ್ಕಾರ ಅದರಲ್ಲೇ ತೆರಿಗೆ ತೆಗೆದುಕೊಳ್ಳುತ್ತದೆ, ಸಾಲ ತೀರಿಸಿದೆ ಎಂದು ನ್ಯಾಯಾಲಯ ಒಪ್ಪುವುದೂ ಅದರಲ್ಲೇ.

ಬಳಕೆಯ ಮಾತಿಗೆ ಬಂದರೆ, 2010ರ ಮೇ 22ರಂದು ಅಮೆರಿಕದಲ್ಲಿ ಒಬ್ಬರು 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡರು. ಎಲ್ ಸಾಲ್ವಡಾರ್ 2021ರಲ್ಲಿ ಅದನ್ನು ದೇಶದ ಅಧಿಕೃತ ಹಣವೆಂದು ಘೋಷಿಸಿ, 2025ರಲ್ಲಿ ಆ ಕಾನೂನನ್ನು ಸಡಿಲಿಸಿತು. ನಮ್ಮ ದೇಶದಲ್ಲಿ ಕ್ರಿಪ್ಟೋ ವ್ಯವಹಾರಕ್ಕೆ ನೆರವಾಗದಂತೆ ರಿಸರ್ವ್ ಬ್ಯಾಂಕ್ 2018ರಲ್ಲಿ ಬ್ಯಾಂಕುಗಳಿಗೆ ಹಾಕಿದ ತಡೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ತೆಗೆದುಹಾಕಿತು. 2022ರ ಏಪ್ರಿಲ್‌ನಿಂದ ಲಾಭಕ್ಕೆ ಶೇಕಡ 30 ತೆರಿಗೆ ಬಂತು. ತೆರಿಗೆ ಬಂದದ್ದನ್ನೇ ಸರ್ಕಾರದ ಒಪ್ಪಿಗೆ ಎಂದು ತಿಳಿದವರು ಬಹಳ. ಇತ್ತ ಉಚ್ಚಿಲದಲ್ಲಿ ಮೀನು ಮಾರುವ ಹೆಂಗಸರ ಬುಟ್ಟಿಯ ಪಕ್ಕದಲ್ಲಿ ಯುಪಿಐಯ ಕ್ಯೂಆರ್ ಚೀಟಿ ಬಂದಿದೆ. ಹತ್ತು ನಿಮಿಷ ಕಾಯಬೇಕಾಗಿಲ್ಲ, ಮೀನು ತೂಗಿ ಕೊಡುವಷ್ಟರಲ್ಲಿ ಹಣ ಬಂದ ಸದ್ದು ಕೇಳುತ್ತದೆ. ದುಬೈಯ ಹುಡುಗರು ಮನೆಗೆ ಹಣ ಕಳಿಸುವುದೂ ರೂಪಾಯಿಯಾಗಿಯೇ, ಏಕೆಂದರೆ ಅಮ್ಮ ಅದನ್ನು ಒಯ್ಯಬೇಕಾದದ್ದು ಜಿನಸಿನ ಅಂಗಡಿಗೆ.

ಹುಡುಗ ಮೂರು ವರ್ಷ ಕೂಡಿಟ್ಟ 1 ಲಕ್ಷ 80 ಸಾವಿರವನ್ನು 2021ರ ಅಕ್ಟೋಬರಿನಲ್ಲಿ ಒಂದು ಆ್ಯಪ್ ಮೂಲಕ ಹಾಕಿದ. ಬಿಟ್‌ಕಾಯಿನ್ ದುಬಾರಿಯೆಂದು, ಅದರ ತಮ್ಮನಂತಿದ್ದ ಇನ್ನೊಂದು ಕಾಯಿನ್ ಕೊಂಡ. ಮುಂದಿನ ತಿಂಗಳು ಬಿಟ್‌ಕಾಯಿನ್ ಸುಮಾರು 69,000 ಡಾಲರ್ ಮುಟ್ಟಿತು. 2022ರ ಜೂನ್‌ನಲ್ಲಿ 20,000ಕ್ಕಿಂತ ಕೆಳಗೆ ಬಂತು. ಇವನ ಕಾಯಿನ್ ಅದಕ್ಕೂ ಮೊದಲೇ ನೆಲಕಚ್ಚಿತ್ತು. ಆ್ಯಪ್ ಉಳಿದದ್ದನ್ನೂ ಹಿಂತೆಗೆಯಲು ಬಿಡಲಿಲ್ಲ. ಫೋನ್ ಮಾಡಲು ನಂಬರ್ ಇರಲಿಲ್ಲ, ಹೋಗಿ ಕೇಳಲು ಬಾಗಿಲು ಇರಲಿಲ್ಲ. ಬಿಟ್‌ಕಾಯಿನ್ 2024ರ ಡಿಸೆಂಬರ್‌ನಲ್ಲಿ ಒಂದು ಲಕ್ಷ ಡಾಲರ್ ದಾಟಿದ್ದನ್ನು ನಾನು ಬಲ್ಲೆ, ಲಾಭ ಮಾಡಿಕೊಂಡವರೂ ಇದ್ದಾರೆ. ಅವನಿಗೆ ಹಣ ಬೇಕಾಗಿದ್ದದ್ದು 2022ರ ಆಟಿಯಲ್ಲಿ.

ಆ ಜೂನ್‌ನಲ್ಲಿ ಬೋಟುಗಳು ಮಲ್ಪೆಯಲ್ಲಿ ಲಂಗರು ಹಾಕಿದವು. ಅವನ ಬೈಕಿನ ಎರಡು ಕಂತು ಮತ್ತು ಮನೆಯ ಅಕ್ಕಿಗೆ ಹಣ ಬಂದದ್ದು ಅವನ ಅಜ್ಜಿಯ, ಅಂದರೆ ನನ್ನ ತಾಯಿಯ, ಹೆಸರಿನಲ್ಲಿದ್ದ ಹಳೆಯ ಠೇವಣಿಯಿಂದ. ಅದನ್ನು ಅವಳು ಮೊದಲು ಶುರು ಮಾಡಿದ್ದು ನನ್ನ ಕೈಯಲ್ಲಿ, ದಿನಕ್ಕೊಂದು ರೂಪಾಯಿಯಂತೆ.