ದೂರು ಹೊತ್ತ ಕೆಳದವಡೆ

ಸ್ಪೇನಿನ ದೊರೆಯೂ ಪವಿತ್ರ ರೋಮನ್ ಸಾಮ್ರಾಟನೂ ಆಗಿದ್ದ ಐದನೇ ಚಾರ್ಲ್ಸನಿಗೆ (1500–1558) ಬಾಯಿ ಪೂರ್ತಿ ಮುಚ್ಚುವುದೇ ಕಷ್ಟವಾಗಿತ್ತು. ಕೆಳಗಿನ ಹಲ್ಲುಸಾಲು ಮುಂದೆ ಚಾಚಿದ್ದರಿಂದ ಅಗಿಯುವುದೂ ತ್ರಾಸ. ‘ಹ್ಯಾಪ್ಸ್‌ಬರ್ಗ್ ದವಡೆ’ ಎಂದು ಹೆಸರಾದ ಈ ವಂಶಲಕ್ಷಣದ ದೂರನ್ನು ಶತಮಾನಗಳ ಕಾಲ ಕೆಳದವಡೆಯೇ ಹೊತ್ತಿತು. 2019ರಲ್ಲಿ ಸ್ಪೇನಿನ ಸಂಶೋಧಕರು ಚಾರ್ಲ್ಸನ ಹ್ಯಾಪ್ಸ್‌ಬರ್ಗ್ ಮನೆತನದ 15 ಜನರ 66 ಭಾವಚಿತ್ರಗಳನ್ನು ಹತ್ತು ಮಂದಿ ದವಡೆ ಶಸ್ತ್ರವೈದ್ಯರ ಮುಂದಿಟ್ಟರು. ಚಾರ್ಲ್ಸ್ ಸೇರಿದಂತೆ ಹಲವರಲ್ಲಿ ಮೇಲ್ದವಡೆಯೇ ಸರಿಯಾಗಿ ಬೆಳೆಯದೆ ಹಿಂದುಳಿದದ್ದು ಕಂಡಿತು.

ಉಸಿರಿನ ಪ್ರಶ್ನೆ ಹುಟ್ಟುವುದು ಇಲ್ಲೇ. ಮೇಲ್ದವಡೆಯ ಮೂಳೆಯೇ ಮೂಗಿನ ನೆಲ, ಪಕ್ಕದ ಗೋಡೆಯೂ ಹೌದು. ಅದು ಕಿರಿದಾದರೆ ಗಾಳಿಯ ದಾರಿಯೂ ಇಕ್ಕಟ್ಟು.

ಆದರೂ 19ನೇ ಶತಮಾನದ ವೈದ್ಯರು ಗದ್ದಕ್ಕೆ ಬಟ್ಟಲು ಕಟ್ಟಿ, ತಲೆಗೆ ಪಟ್ಟಿ ಬಿಗಿದು, ಕೆಳದವಡೆಯನ್ನು ಹಿಂದಕ್ಕೆ ತಳ್ಳಲು ನೋಡಿದರು. ಆದರೆ 1860ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ದಂತವೈದ್ಯ ಎಮರ್ಸನ್ ಏಂಜೆಲ್ ಹುಡುಗಿಯೊಬ್ಬಳ ಬಾಯಿಯೊಳಗೆ ತಿರುಪು ಕೂರಿಸಿ, ಎರಡೇ ವಾರದಲ್ಲಿ ಮೇಲ್ದವಡೆಯನ್ನು ಅಗಲಿಸಿದ್ದಾಗಿ ಬರೆದರು. ಆಗ ಬಹಳ ಜನ ನಂಬಲಿಲ್ಲ. 1961ರಲ್ಲಿ ದಂತವೈದ್ಯ ಆಂಡ್ರ್ಯೂ ಹಾಸ್ ಆ ವಿಧಾನಕ್ಕೆ ಮರುಜೀವ ಕೊಟ್ಟರು. ಅಂಗುಳಿನ ಜೊತೆ ಮೂಗಿನ ಒಳಭಾಗವೂ ಅಗಲವಾಗುವುದನ್ನು ತೋರಿಸಿದರು.

ಮುಂದಿನ ಹೆಜ್ಜೆ ಫ್ರಾನ್ಸಿನ ಶಸ್ತ್ರವೈದ್ಯ ಜಾನ್ ದೆಲೇರ್ ಅವರದು. 1970ರ ದಶಕದಲ್ಲಿ ಅವರು ಜನಪ್ರಿಯಗೊಳಿಸಿದ ಮುಖಕವಚ ಹಣೆ ಮತ್ತು ಗದ್ದದ ಮೇಲೆ ಆನಿಕೊಂಡು, ರಬ್ಬರ್ ಬ್ಯಾಂಡಿನಿಂದ ಮೇಲ್ದವಡೆಯನ್ನು ಮುಂದಕ್ಕೆ ಎಳೆಯುತ್ತದೆ. ಮೂಳೆಗಳ ಬೆಸುಗೆ ಇನ್ನೂ ಬಲಿಯದ ವಯಸ್ಸಿನಲ್ಲಿ, ಅಂದರೆ ಸುಮಾರು ಹತ್ತು ವರ್ಷದೊಳಗೆ, ಇದರ ಫಲ ಹೆಚ್ಚು. ದಿನಕ್ಕೆ 12 ಗಂಟೆಗೂ ಮೀರಿ ಇದನ್ನು ಧರಿಸುವುದು ಮಗುವಿಗೆ ಸಣ್ಣ ತಪಸ್ಸಲ್ಲ.

ಇದರಿಂದ ಉಸಿರು ಸರಾಗವಾಗುತ್ತದೆಯೇ? ಚಿಕಿತ್ಸೆಯ ಬಳಿಕ ಮೂಗಿನ ಹಿಂಬದಿಯ ಗಂಟಲು ಕೊಂಚ ಹಿಗ್ಗಿರುವುದು ಹಲವು ಎಕ್ಸ್‌ರೇ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಬೆಳೆಯುವ ಮಗುವಿನ ಗಂಟಲು ತಾನಾಗಿಯೂ ಹಿಗ್ಗುತ್ತದೆ, ಅಲ್ಲಿರುವ ಅಡಿನಾಯ್ಡ್ ಗ್ರಂಥಿಯೂ ಕುಗ್ಗುತ್ತದೆ. ಹಾಗಾಗಿ ಹಿಗ್ಗಿದ್ದೆಲ್ಲ ಕವಚದ ಪುಣ್ಯವೆನ್ನಲಾಗದು. ಗೊರಕೆಗೆ ಇದೇ ಮದ್ದು ಎಂದು ಭರವಸೆ ಕೊಡುವುದು ತಪ್ಪು.

ದೊಡ್ಡವರಾದ ಮೇಲೆ ಉಳಿಯುವ ದಾರಿ ಹೆಚ್ಚಾಗಿ ಶಸ್ತ್ರಚಿಕಿತ್ಸೆ. 1957ರಲ್ಲಿ ಶಸ್ತ್ರವೈದ್ಯರಾದ ಟ್ರೌನರ್ ಮತ್ತು ಒಬ್ವೆಗೇಸರ್ ವಿವರಿಸಿದ ವಿಧಾನದಲ್ಲಿ ಕೆಳದವಡೆಯನ್ನು ಸೀಳಿ ಹಿಂದೆ ಸರಿಸಬಹುದು. ಅದರೊಂದಿಗೆ ನಾಲಿಗೆಯ ಬುಡವೂ ಹಿಂದೆ ಸರಿದು ಗಂಟಲು ಕಿರಿದಾಗಬಹುದು. ಇದನ್ನರಿತ ಶಸ್ತ್ರವೈದ್ಯರು ಈಗ ಅನೇಕರಲ್ಲಿ ಮೇಲ್ದವಡೆಯನ್ನೂ ಮುಂದೆ ತರುತ್ತಾರೆ.

ಮಗುವಿನ ಕೆಳಹಲ್ಲುಗಳು ಮೇಲಿನವುಗಳ ಮುಂದೆ ಕೂರುತ್ತಿದ್ದರೆ ಏಳನೇ ವಯಸ್ಸಿನೊಳಗೆ ದಂತವೈದ್ಯರಿಗೆ ತೋರಿಸಿ. ಬಾಯಲ್ಲಿ ಉಸಿರಾಡುತ್ತಿದ್ದರೆ, ರಾತ್ರಿ ಗೊರಕೆ ಹೊಡೆಯುತ್ತಿದ್ದರೆ ಕಿವಿ, ಮೂಗು, ಗಂಟಲಿನ ವೈದ್ಯರನ್ನೂ ಕಾಣಿ.